ಮಲ್ಪೆ ದ್ವೀಪಕ್ಕೆ ಪುಟ್ಟ ಮಕ್ಕಳ ಜೊತೆ ಹೋಗುವವರಿಗೆ

ಉಡುಪಿ ಕಡೆ ಬರುವವರು ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಬೆಳಿಗ್ಗೆಯೇ ನೋಡಿ ಮುಗಿಸಿ. ಬಿಸಿಲೇರಿದರೆ ಕಪ್ಪು ಬಂಡೆ ಕಾದು ಮಕ್ಕಳ ಪಾದ ಸುಡುತ್ತದೆ. ತೆಂಗಿನಮರಗಳಿವೆ, ಆದರೂ ನೆರಳು ಕಡಿಮೆ. ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಬಿಡುವುದಿಲ್ಲ, ಹಾಗಾಗಿ ಡಿಸೆಂಬರ್, ಜನವರಿ ಒಳ್ಳೇದು.

ಮಕ್ಕಳಿಗೆ ಹವಾಯಿ ಚಪ್ಪಲಿ ಬೇಡ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ದಡದ ತುಂಬ ಚಿಪ್ಪು, ಒಡೆದದ್ದು ಚುಚ್ಚುತ್ತೆ. ಬಂಡೆ ಜಾರುತ್ತದೆ, ಕೈ ಬಿಡಲೇಬೇಡಿ.

ಸುಮ್ನೆ ಫೋಟೋ ತೆಗೆದು ಬರಬೇಡಿ. ಅಲ್ಲಿನ ಕಪ್ಪು ಬಂಡೆಗಳು ಲಾವಾ ತಣಿಯುವಾಗ ಬಿರುಕು ಬಿಟ್ಟು ಆದ ಕಂಬಗಳು, ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗಿವೆ. ನನ್ನ ಐದು ವರ್ಷದ ಮಗಳು ಒಂದೊಂದರ ಮೇಲೂ ಬೆರಳಿಟ್ಟು ಮೂಲೆ ಎಣಿಸಿದಳು. ಒಂದಕ್ಕೆ ಐದು, ಪಕ್ಕದ್ದಕ್ಕೆ ಆರು! ಅರ್ಧ ಗಂಟೆ ಅಲ್ಲಿಂದ ಏಳಲೇ ಇಲ್ಲ. ಎಷ್ಟು ಖುಷಿ ಅಲ್ವಾ?

ಕಾರಿನಲ್ಲಿ ಒಂದು ಕ್ಯಾನ್ ಸಿಹಿನೀರು ಇರಲಿ. ಉಪ್ಪುನೀರು ಮೈಮೇಲೇ ಒಣಗಿದರೆ ತೊಡೆಸಂದಿ ಉರಿದು ಮಕ್ಕಳು ಅಳುತ್ತವೆ. ತೊಳೆದು, ಒರೆಸಿ, ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಒಣಬಟ್ಟೆ ಹಾಕಿ.

ಮಧ್ಯಾಹ್ನ ಊಟ, ನಿದ್ದೆ. ಸಂಜೆ ಶಕ್ತಿ ಉಳಿದಿದ್ದರೆ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭಕ್ಕೆ ಹೋಗಿ. ಮೆಟ್ಟಿಲು ಜಾಸ್ತಿ, ಎತ್ತಿಕೊಳ್ಳುವ ಮಗುವಿದ್ದರೆ ಕೆಳಗಿನ ಮರಳೇ ಸಾಕು.