ಕಾರಿಗೆ ಎರಡು ಬಕೆಟ್ ನೀರು ಸಾಕು ಕಣ್ರೀ

ಭಾನುವಾರ ಬೆಳಿಗ್ಗೆ ಆಯ್ತು ಅಂದ್ರೆ ನಮ್ಮ ಬೀದೀಲಿ ಪೈಪ್ ಹಿಡ್ಕೊಂಡು ನಿಲ್ಲೋರು ಮೂರು ಜನ. ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಫೋನು, ಕಾರಿನ ಮೇಲೆ ಬೀಳೋ ನೀರಿಗಿಂತ ಸೀದಾ ಮೋರಿಗೆ ಹೋಗೋದೇ ಜಾಸ್ತಿ. ಒಂದಿನ ತಡೀಲಾರದೆ ನಮ್ಮನೆ ಪೈಪನ್ನೇ ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡ್ಕೊಂಡು ಕೂತೆ. 15 ಲೀಟರ್ ಬಕೆಟ್ಟು ಒಂದೂಕಾಲು ನಿಮಿಷಕ್ಕೆ ತುಂಬಿ ಹರೀತು, ಅಂದ್ರೆ ಇಪ್ಪತ್ತು ನಿಮಿಷ ಪೈಪ್ ಬಿಟ್ರೆ 240 ಲೀಟರ್ ಆಯ್ತಲ್ಲ. ಅದೂ ಎಂಥ ನೀರು, ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮಾಡಿ ಮೇಲಕ್ಕೆತ್ತಿ ಬೆಂಗಳೂರಿಗೆ ತಂದ ಕಾವೇರಿ ನೀರು.

2024ರ ಮಾರ್ಚ್ ನೆನಪಿರ್ಬೇಕಲ್ಲ ಎಲ್ರಿಗೂ. ಬೋರ್‌ವೆಲ್ ಎಲ್ಲ ಕೈ ಕೊಟ್ಟು, ಟ್ಯಾಂಕರ್‌ನೋರು ಕೇಳಿದಷ್ಟು ಕೊಡೋ ಹಾಗಾಗಿ, ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ, ಮತ್ತೆ ತೊಳೆದು ಸಿಕ್ಕಿಬಿದ್ರೆ ದಿನಕ್ಕೆ 500 ಜಾಸ್ತಿ ಅಂತ ಆರ್ಡರ್ ಮಾಡ್ತು. ಆಗ ಈ ಮೂರು ಜನಾನೂ ಒದ್ದೆ ಬಟ್ಟೇಲೇ ಒರೆಸ್ತಿದ್ರು, ಕಾರೂ ಚೆನ್ನಾಗೇ ಹೊಳೀತಿತ್ತು. ಮಳೆ ಬಂತು, ಪೈಪ್ ಹೊರಗೆ ಬಂತು. 2025ರ ಫೆಬ್ರವರೀಲಿ ಮತ್ತೆ ಅದೇ ಆರ್ಡರ್ ಹೊರಡಿಸಬೇಕಾಯ್ತು.

ಹೇಗೆ ಮಾಡೋದು ಅಂತ ಹೇಳ್ತೀನಿ. ಮುದ್ದೆ ಮಾಡಿದ ಪಾತ್ರೆ ಒಣಗಿದ ಮೇಲೆ ಉಜ್ಜಿ ನೋಡಿ, ತೋಳು ಬಿದ್ದೋಗತ್ತೆ. ಅದೇ ಒಂದು ಚೊಂಬು ನೀರು ಹಾಕಿ ಬಿಟ್ರೆ ತಾನೇ ಕಳಚಿಕೊಳ್ಳತ್ತೆ. ಕಾರಿನ ಧೂಳೂ ಅಷ್ಟೇ, ಅದಕ್ಕೆ ಬೇಕಾಗಿರೋದು ಜಾಸ್ತಿ ನೀರಲ್ಲ, ನೆನೆಯೋಕೆ ಒಂದಿಷ್ಟು ಹೊತ್ತು. ಬಿಸಿಲೇರೋ ಮುಂಚೆ, ಬಾನೆಟ್ ತಣ್ಣಗಿರೋವಾಗ, ಗಿಡಕ್ಕೆ ಹೊಡೆಯೋ ಸ್ಪ್ರೇ ಬಾಟ್ಲಲ್ಲಿ ಇಲ್ಲಾ ಹೂಕುಂಡದ ಝಾರಿಯಲ್ಲಿ ಎಲ್ಲ ಕಡೆ ಸಣ್ಣಗೆ ನೀರು ಚಿಮುಕಿಸಿ, ಹೋಗಿ ಕಾಫಿ ಕುಡ್ಕೊಂಡು ಬನ್ನಿ. ಅಷ್ಟೊತ್ತಿಗೆ ಒಣಗ್ತಾ ಬಂದಿದ್ರೆ ಇನ್ನೊಂದ್ಸಲ ಚಿಮುಕಿಸಿ. ಒಣಗಿರೋ ಧೂಳಿನ ಮೇಲೆ ಬಟ್ಟೆ ಎಳೀಲೇಬೇಡಿ, ಧೂಳಲ್ಲಿ ಮರಳಿರತ್ತೆ, ಬಿಸಿಲಲ್ಲಿ ನಿಲ್ಲಿಸಿದಾಗ ಕಾರಿನ ಮೇಲೆ ಜೇಡರ ಬಲೆ ಥರ ಗೆರೆಗೆರೆ ಕಾಣ್ತಾವಲ್ಲ, ಅವೆಲ್ಲ ಒಣ ಬಟ್ಟೇದೇ ಕೃಪೆ.

ನಾನೂ ಇದನ್ನ ಕೆಟ್ಟ ಮೇಲೇ ಕಲ್ತಿದ್ದು. ನಮ್ಮನೆಗೆ ಮೊದಲ ಕಾರು ಬಂದ ಹೊಸದ್ರಲ್ಲಿ ಬಾನೆಟ್ ಮೇಲೆ ಕಾಗೆ ಹಿಕ್ಕೆ ಒಣಗಿ ಅಂಟಿತ್ತು, ಯಜಮಾನ್ರು ಎದ್ದು ಬರೋಷ್ಟರಲ್ಲಿ ತೆಗ್ದುಬಿಡೋಣ ಅಂತ ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್ ತಗೊಂಡು ನಾಲ್ಕು ಸಲ ಉಜ್ಜಿದೆ ಅಷ್ಟೇ. ಹಿಕ್ಕೆ ಹೋಯ್ತು, ಜೊತೆಗೆ ಹೊಳಪೂ ಹೋಯ್ತು, ಅಂಗೈ ಅಗಲ ಮಂಕಾದ ಜಾಗ ಆ ಕಾರು ಮಾರೋವರೆಗೂ ಹಾಗೇ ಇತ್ತು. ಈಗ ಏನ್ಮಾಡ್ತೀನಿ ಅಂದ್ರೆ, ಒದ್ದೆ ಬಟ್ಟೆ ಮಡಿಚಿ ಜ್ವರಕ್ಕೆ ಹಣೆಗೆ ಪಟ್ಟಿ ಹಾಕ್ತೀವಲ್ಲ ಹಾಗೆ ಅದರ ಮೇಲೆ ಹತ್ತು ನಿಮಿಷ ಇಡ್ತೀನಿ, ಆಮೇಲೆ ಎತ್ತಿದ್ರೆ ಬಟ್ಟೆ ಜೊತೇಲೇ ಬಂದ್ಬಿಡತ್ತೆ. ಹಿಕ್ಕೇಲಿ ಆಸಿಡ್ ಇರೋದ್ರಿಂದ ಭಾನುವಾರದವರೆಗೆ ಕಾಯಬೇಡಿ, ಕಂಡ ದಿನಾನೇ ತೆಗೀರಿ. ನೇರಳೆ ಮರದ ಕೆಳಗೆ ನಿಲ್ಲಿಸೋರು ಜೂನ್ ಬಂದ್ರೆ ಇದನ್ನೇ ದಿನಾ ಮಾಡ್ಬೇಕಾಗತ್ತೆ, ಅದಕ್ಕಿಂತ ಆ ತಿಂಗಳು ಜಾಗ ಬದಲಾಯಿಸೋದು ಸುಲಭ.

ನೆನೆದ ಮೇಲೆ ಎರಡು ಬಕೆಟ್, ಎರಡೂ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದ್ರೆ ಸಾಕು. ಒಂದ್ರಲ್ಲಿ ಸೋಪಿನ ನೀರು, ಇನ್ನೊಂದ್ರಲ್ಲಿ ಬರೀ ನೀರು. ಸೋಪಿನದ್ರಲ್ಲಿ ಅದ್ದಿ ಒರೆಸಿದ ಬಟ್ಟೇನ ಮತ್ತೆ ಅದಕ್ಕೇ ಅದ್ದಬಾರದು, ಮೊದಲು ಬರೀ ನೀರಲ್ಲಿ ಜಾಲಿಸಿ ಹಿಂಡಿ ಆಮೇಲೆ ಸೋಪಿಗೆ. ಇಲ್ಲಾಂದ್ರೆ ಒರೆಸಿ ತೆಗೆದ ಮರಳನ್ನೇ ಮತ್ತೆ ಕಾರಿಗೆ ಹಚ್ಚಿದ ಹಾಗೆ. ಮೇಲಿಂದ ಕೆಳಕ್ಕೆ ಬನ್ನಿ, ಟಾಪು, ಗಾಜು, ಬಾನೆಟ್ಟು, ಬಾಗಿಲು. ಟೈರ್ ಕೊನೇಗೆ, ಅದಕ್ಕೆ ಬಟ್ಟೇನೂ ಬೇರೆ. ಟೈರಿಗೆ ತೆಂಗಿನ ನಾರಿಗಿಂತ ಒಳ್ಳೆ ಬ್ರಷ್ ನಾನು ಕಂಡಿಲ್ಲ. ಬಟ್ಟೆ ಅಂದ್ರೆ ಹಳೇ ಕಾಟನ್ ಬನಿಯನ್ನು, ಸವೆದ ಪಂಚೆ, ಗುಂಡಿ ಜಿಪ್ಪು ಇಲ್ಲದ್ದು. ಮೈಕ್ರೋಫೈಬರ್ ಚೆನ್ನಾಗಿ ಧೂಳು ಹಿಡಿಯತ್ತೆ, ಒಪ್ತೀನಿ, ಆದ್ರೆ ಅದು ಪ್ಲಾಸ್ಟಿಕ್ ನೂಲು, ಒಗೆದಾಗೆಲ್ಲ ಸಣ್ಣ ಸಣ್ಣ ಎಳೆ ನೀರಿಗೆ ಬಿಡತ್ತೆ.

ಸೋಪು ಅಂದ್ನಲ್ಲ, ಬಟ್ಟೆ ಒಗೆಯೋ ಪೌಡರ್ ಮಾತ್ರ ಬೇಡ. ಕಾರಿನ ವ್ಯಾಕ್ಸ್ ಕೀಳತ್ತೆ ಅನ್ನೋದು ಒಂದು, ಇನ್ನೊಂದು, ರಸ್ತೆ ಪಕ್ಕದ ಮೋರಿ ನೀರು ರಾಜಕಾಲುವೆಗೆ ಹೋಗಿ ಅಲ್ಲಿಂದ ಸೀದಾ ಕೆರೆಗೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿ ರೋಡಿಗೆ ಬಂದು ಸ್ಕೂಟರ್‌ನೋರ ಮುಖಕ್ಕೆ ಹಾರ್ತಿತ್ತಲ್ಲ, ಊರಿನ ಕೊಳಚೆ ಜೊತೆ ಹೋದ ಡಿಟರ್ಜೆಂಟೂ ಅದರಲ್ಲಿತ್ತು. ನಾನು ಅಂಟುವಾಳಕಾಯಿ ಬಳಸ್ತೀನಿ. ಹತ್ತು ಕಾಯಿ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೇಲಿ ಸೋಸಿ ಬಕೆಟ್ಟಿಗೆ ಹಾಕೋದು. ಸೋಸದೆ ಹಾಕಿದ್ರೆ ಚೂರುಗಳು ವೈಪರ್ ಸಂದೀಲಿ ಸಿಕ್ಕೊಳ್ತಾವೆ. ರಸ ಕಂದು ಬಣ್ಣ ಇರತ್ತೆ, ಬಿಳಿ ಕಾರಾದ್ರೆ ಒಣಗೋಕೆ ಬಿಡದೆ ತಕ್ಷಣ ನೀರು ಬಟ್ಟೇಲಿ ಒರೆಸಿ, ಕಣ್ಣಿಗೆ ಹಾರಿಸ್ಕೋಬೇಡಿ, ವಿಪರೀತ ಉರಿ. ಹಾಗಂತ ಗಿಡದ್ದು ಅಂತ ಅದನ್ನೂ ಕೆರೆಗೆ ಬಿಡೋ ಹಾಗಿಲ್ಲ, ಅದರ ನೊರೆ ಮೀನಿಗೆ ಆಗಲ್ಲ. ನಾವು ಕಾರನ್ನ ಮಣ್ಣಿರೋ ಕಡೆ ನಿಲ್ಲಿಸಿಯೇ ತೊಳೆಯೋದು, ಉಳಿದ ನೀರು ತೆಂಗಿನ ಬುಡಕ್ಕೆ.

ಇನ್ನು ಯಾವ ನೀರು ಯಾವುದಕ್ಕೆ ಅನ್ನೋದು. ಎಸಿಯಿಂದ ತೊಟ್ಟಿಕ್ಕೋ ನೀರನ್ನ ಎಲ್ರೂ ಸುಮ್ನೆ ಬಿಡ್ತಾರೆ, ಅದಕ್ಕೊಂದು ಕ್ಯಾನ್ ಇಡಿ. ಗಾಳೀಲಿರೋ ತೇವಾನೇ ನೀರಾಗಿ ಬರೋದ್ರಿಂದ ಅದರಲ್ಲಿ ಉಪ್ಪಿನಂಶ ಇರಲ್ಲ ಅನ್ನಬಹುದು, ಕೊನೇಲಿ ಗಾಜು ಒರೆಸಿದ್ರೆ ಒಂದು ಕಲೆ ಉಳಿಯಲ್ಲ. ಆರ್‌ಓ ಫಿಲ್ಟರಿನ ವೇಸ್ಟ್ ನೀರು ಇದಕ್ಕೆ ಉಲ್ಟಾ, ಉಪ್ಪೆಲ್ಲ ಅದರಲ್ಲೇ ಸೇರಿರತ್ತೆ, ಬಾನೆಟ್ ಮೇಲೆ ಒಣಗಿದ್ರೆ ಬಿಳೀ ಚುಕ್ಕೆ ಗ್ಯಾರಂಟಿ. ಅದು ಟೈರಿಗೆ, ಮ್ಯಾಟಿಗೆ. ಬೋರ್ ನೀರಿನ ಚುಕ್ಕೆ ಈಗಾಗ್ಲೇ ಗಾಜಿನ ಮೇಲೆ ಕೂತಿದ್ರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ.

ಡಾಂಬರು ಅಂಟಿದ್ರೆ, ಮರದ ಅಂಟು ಬಿದ್ದಿದ್ರೆ ಕೊಬ್ಬರಿ ಎಣ್ಣೆ. ಹಲಸಿನಹಣ್ಣು ಬಿಡಿಸೋವಾಗ ಕೈಗೆ ಚಾಕೂಗೆ ಯಾಕೆ ಸವರ್ತೀವಿ, ಅದೇ ಲೆಕ್ಕ. ಒಂದೆರಡು ತೊಟ್ಟು ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಜಿಡ್ಡು ಉಳಿದ್ರೆ ಧೂಳು ಕೂರತ್ತೆ, ಅದಕ್ಕೇ ಸೋಪಿನ ಬಟ್ಟೇಲಿ ಒಂದು ಕೈ. ಡೀಸೆಲ್‌ನಲ್ಲಿ ಒರೆಸಿದ್ರೆ ಪಳಪಳ ಅನ್ನತ್ತೆ ಅಂತ ಕೆಲವು ಡ್ರೈವರ್‌ಗಳು ಹೇಳ್ತಾರೆ, ಕೇಳ್ಬೇಡಿ, ರಬ್ಬರ್ ಹಾಳು.

ಒಳಗಡೆಗೆ ನೀರೇ ಬೇಡ. ಮ್ಯಾಟ್ ತೆಗೆದು ಕಾಂಪೌಂಡಿಗೆ ಬಡೀರಿ, ಡ್ಯಾಶ್‌ಬೋರ್ಡಿಗೆ ಹಿಂಡಿದ ಬಟ್ಟೆ. ಹೋದ ವರ್ಷ ಮದುವೆ ಮನೆಯಿಂದ ಡಬ್ಬೀಲಿ ತಂದ ಹುಳಿ ಹಿಂದಿನ ಸೀಟಲ್ಲಿ ಚೆಲ್ಲಿ, ಮೂರು ದಿನ ಇಂಗಿನ ಗಮ್ಮಂತ ವಾಸನೆ. ಚೆನ್ನಾಗಿ ಒತ್ತಿ ಒರೆಸಿ, ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಹಾಕಿದ್ಮೇಲೆ ಹೋಯ್ತು. ಪರ್ಫ್ಯೂಮ್ ತೂಗುಹಾಕಿದ್ರೆ ಹುಳಿ ಜೊತೆ ಮಲ್ಲಿಗೆ ವಾಸನೆ ಸೇರ್ತಿತ್ತು ಅಷ್ಟೇ.

ಮಲ್ಪೆ, ಕಾರವಾರ ಅಂತ ಬೀಚಿಗೆ ಹೋಗಿ ಬಂದಾಗ ಮಾತ್ರ ನಾನೂ ಸರ್ವಿಸ್ ಸ್ಟೇಷನ್ನಿಗೆ ಕಳಿಸ್ತೀನಿ. ಉಪ್ಪು ಅಡಿಯಲ್ಲಿ ಕೂತು ತುಕ್ಕು ಹಿಡಿಸತ್ತೆ, ಬಟ್ಟೆ ಅಲ್ಲಿಗೆ ಹೋಗಲ್ಲ. ತೊಳೆದ ನೀರನ್ನ ಸೋಸಿ ಮತ್ತೆ ಬಳಸ್ತೀರಾ ಅಂತ ಕೇಳಿ, ಹೌದು ಅನ್ನೋ ಜಾಗಕ್ಕೇ ಹೋಗಿ.

ಹಾಂ, ಕಾರು ಒರೆಸಿದ ಬಟ್ಟೇನ ಮನೆ ಬಟ್ಟೆ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕ್ಬೇಡಿ. ಉಳಿದ ಸೋಪಿನ ನೀರಲ್ಲೇ ಅಲ್ಲೇ ಕುಕ್ಕಿ, ಬೇಲಿ ಮೇಲೆ ಒಣಗಿಸಿ. ನಮ್ಮನೇಲಿ ಒಂದು ರೇಷ್ಮೆ ಅಂಚಿನ ಬಿಳಿ ಪಂಚೆ ಹೀಗೇ ಬೂದಿ ಬಣ್ಣಕ್ಕೆ ತಿರುಗಿ, ಈಗ ಅದೇ ಟೈರ್ ಒರೆಸ್ತಿದೆ.