ಟರ್ಬೊ ಕಾರು ಎಳೆಯುತ್ತಿಲ್ವಾ? ಮೊದಲು ಪೈಪು ನೋಡಿ, ಟರ್ಬೊ ಕೊನೆಗೆ

ಚಾಮುಂಡಿ ಬೆಟ್ಟವನ್ನು ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಕಾರು ಈಗ ಎರಡಕ್ಕೆ ಇಳಿಸಿದರೂ ಮುಕ್ಕರಿಯುತ್ತಿದೆ ಅಂದರೆ, ಗ್ಯಾರೇಜಿನಲ್ಲಿ ಬರುವ ಮೊದಲ ಮಾತು 'ಟರ್ಬೊ ಹೋಗಿದೆ ಸಾರ್'. ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು, ಹೋಗಿರಲೂಬಹುದು. ಆದರೆ ಅದಕ್ಕಿಂತ ಬೇಗ ಕೆಡುವುದು ಅದರ ಅಕ್ಕಪಕ್ಕದ ರಬ್ಬರ್ ಪೈಪು, ಕ್ಲಾಂಪು, ಫಿಲ್ಟರು. ಹತ್ತಾರು ಸಾವಿರ ಸುರಿಯುವ ಮುಂಚೆ ಇವನ್ನು ನೋಡಿಬಿಡಿ.

ತೊಂದರೆ ಯಾವಾಗ ಬರುತ್ತದೆ ಅಂತ ಮೊದಲು ಗಮನಿಸಿ. ನಿಂತಲ್ಲೇ ಎಂಜಿನ್ ನಡುಗಿದರೆ ಅದು ಹೆಚ್ಚಾಗಿ ಟರ್ಬೊ ವಿಷಯವಲ್ಲ. ಪೆಟ್ರೋಲ್ ಆದರೆ ಪ್ಲಗ್ಗು, ಕಾಯಿಲ್ ನೋಡಿ. ಡೀಸೆಲ್ ಆದರೆ ಇಂಜೆಕ್ಟರ್. ಏರಿನಲ್ಲಿ, ಲೋಡ್ ಇದ್ದಾಗ ಮಾತ್ರ ಸುಸ್ತಾದರೆ ಗಾಳಿಯ ಕಡೆ ಅನುಮಾನ ಪಡಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಚೆನ್ನಾಗಿ ಹೋಗುತ್ತಿದ್ದ ಗಾಡಿ ಮದ್ದೂರು ದಾಟುವಾಗ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡು, ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಓಡಿದರೆ, ಅದು ಲಿಂಪ್ ಮೋಡ್. ಕಂಪ್ಯೂಟರ್ ಏನೋ ತಪ್ಪು ಕಂಡು ತಾನೇ ಶಕ್ತಿ ತಗ್ಗಿಸಿದೆ. ಹೊಗೆಯನ್ನೂ ನೋಡಿ. ಕಪ್ಪಾಗಿದ್ದರೆ ಗಾಳಿ ಸಾಲುತ್ತಿಲ್ಲ, ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ.

ಆಮೇಲೆ ಸ್ಕ್ಯಾನ್. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಓದುವ ಸಾಕೆಟ್) ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಕಂಪ್ಯೂಟರ್ ಕಂಡ ತಪ್ಪಿನ ಕೋಡು ಮೊಬೈಲಿಗೇ ಬರುತ್ತದೆ. ಪಿ0299 ಅಂದರೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕಡಿಮೆ, ಪಿ0234 ಅಂದರೆ ಜಾಸ್ತಿ. 0299 ಬಂದ ಮಾತ್ರಕ್ಕೆ ಟರ್ಬೊ ಸತ್ತಿದೆ ಅಂತಲ್ಲ, ಒತ್ತಡ ಬರಬೇಕಾದಷ್ಟು ಬರಲಿಲ್ಲ ಅಂತ ಅಷ್ಟೇ. ಕೋಡನ್ನು ಬರೆದುಕೊಳ್ಳದೆ ಅಳಿಸಬೇಡಿ.

ಡಾಂಗಲ್ ಇದ್ದಾಗ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ರೀಡಿಂಗ್ ಕೂಡ ನೋಡಿ. ಇಗ್ನಿಷನ್ ಆನ್ ಇರಲಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಇಂಟರ್ನೆಟ್ಟಿನಲ್ಲಿ ಎಲ್ಲ ಕಡೆ 101 ಕಿಲೊಪಾಸ್ಕಲ್ ಅಂತ ಬರೆದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ 92ರ ಆಸುಪಾಸು ಬಂದರೆ ಸೆನ್ಸರ್ ಸರಿ ಇದೆ. ಮಂಡ್ಯ ಸ್ವಲ್ಪ ತಗ್ಗು, ಅಲ್ಲಿ ಒಂದು ಅಂಕಿ ಹೆಚ್ಚಿರಬಹುದು. ಈಗ ಜನ ಕಡಿಮೆ ಇರುವ ಏರಿನಲ್ಲಿ (ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಬೇಡ ಮಹರಾಯ್ರೆ!) ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮೊಬೈಲನ್ನು ಪಕ್ಕದಲ್ಲಿ ಕೂತವರು ನೋಡಲಿ. ಈಗಿನ ಡೀಸೆಲ್ ಕಾರುಗಳಲ್ಲಿ ಮ್ಯಾಪ್ ಸಾಮಾನ್ಯವಾಗಿ 200 ಮುಟ್ಟುತ್ತದೆ. 120 ದಾಟದೆ ಒದ್ದಾಡಿದರೆ ಒತ್ತಡ ಎಲ್ಲೋ ಸೋರುತ್ತಿದೆ, ಇಲ್ಲವೇ ಹುಟ್ಟುತ್ತಲೇ ಇಲ್ಲ.

ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ, ಆಲೆಮನೆಯ ಮಣ್ಣು ದಾರಿಯಲ್ಲಿ ದಿನಾ ಓಡಾಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್‌ವರೆಗೆ ಫಿಲ್ಟರ್ ಬರುವುದಿಲ್ಲ. ನಂತರ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ರೇಡಿಯೇಟರ್), ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ಪೈಪುಗಳನ್ನು ಕೈಯಿಂದ ಸವರಿ, ಹಿಚುಕಿ ನೋಡಿ. ಕೆಳಭಾಗ ಮರೆಯಬೇಡಿ, ಸೀಳು ಬಹಳ ಸಲ ಅಲ್ಲೇ ಇರುತ್ತದೆ. ಒಳಗೆ ತೆಳ್ಳಗೆ ಆಯಿಲ್ ಪಸೆ ಇದ್ದರೆ ಗಾಬರಿ ಬೇಡ, ಅದು ಮಾಮೂಲಿ. ಹೊರಗಡೆ ಒಂದೇ ಜಾಗದಲ್ಲಿ ಪಸೆಗೆ ದೂಳು ಮೆತ್ತಿ ಕಪ್ಪಾಗಿದ್ದರೆ ಗಾಳಿ ಸೋರುತ್ತಿರುವುದು ಅಲ್ಲಿಂದಲೇ. ಏರಿನಲ್ಲಿ 'ಸುಯ್' ಅನ್ನುವ ಸದ್ದು ಹೊಸದಾಗಿ ಶುರುವಾಗಿದ್ದರೂ ಇದೇ ಕಾರಣ ಇರಬಹುದು. ಕಣ್ಣಿಗೆ ಕಾಣದ ಸೀಳಿಗೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಪೈಪಿಗೆ ಹೊಗೆ ಬಿಟ್ಟು ಸೋರುವ ಜಾಗ ಹುಡುಕುವುದು) ಮಾಡಿಸಿ.

ಪೆನ್ಸಿಲ್‌ಗಿಂತ ಸಣ್ಣ ವ್ಯಾಕ್ಯೂಮ್ ಪೈಪುಗಳೂ ಇರುತ್ತವೆ. ಎಷ್ಟೋ ಗಾಡಿಗಳಲ್ಲಿ ಟರ್ಬೊದ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಆಕ್ಚುಯೇಟರ್ ನಡೆಯುವುದು ಇವುಗಳ ಮೇಲೆ. ಗದ್ದೆ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿ ಕಾಟ ಗೊತ್ತೇ ಇದೆ ಅಲ್ವಾ, ಒಂದು ಕಚ್ಚು ಸಾಕು. ಆಕ್ಚುಯೇಟರ್ ಸರಳು ಸಲೀಸಾಗಿ ಆಡುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ. ಮಸಿ ಕಟ್ಟಿ ಬಿಗಿದಿದ್ದರೆ ಕೆಲವೊಮ್ಮೆ ಕ್ಲೀನಿಂಗ್‌ನಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಸರಿ ಇದ್ದರೆ ಡೀಸೆಲ್ ಫಿಲ್ಟರ್ ಬದಲಿಸಿ. ಬಿಎಸ್6 ಡೀಸೆಲ್ ಆದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿದೆಯಾ ಅಂತಲೂ ಕೇಳಿ. ಬರೀ ಪೇಟೆಯೊಳಗೆ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಗಳಲ್ಲಿ ಇದು ಜಾಸ್ತಿ, ಏಕೆಂದರೆ ಮಸಿ ಸುಟ್ಟುಹೋಗುವಷ್ಟು ಬಿಸಿ ಅದಕ್ಕೆ ಸಿಗುವುದೇ ಇಲ್ಲ.

ಟರ್ಬೊ ಸರದಿ ಈಗ. ಗಾಳಿ ಒಳಬರುವ ಪೈಪು ಬಿಚ್ಚಿಸಿ, ಶಾಫ್ಟನ್ನು ನಿಮ್ಮ ಕಣ್ಣ ಮುಂದೆಯೇ ಅಲ್ಲಾಡಿಸಲು ಹೇಳಿ. ಪಕ್ಕಕ್ಕೆ ಚೂರು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ, ಇಲ್ಲವೇ ರೆಕ್ಕೆ ಹೌಸಿಂಗಿಗೆ ಉಜ್ಜಿದ ಗುರುತಿದ್ದರೆ ಅದರ ಕೆಲಸ ಮುಗಿಯಿತು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುವ ಶಾಫ್ಟ್ ಅದು, ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಹಾಗಾಗಿ ಅದು ಕೆಟ್ಟಿದ್ದರೆ ಆಯಿಲ್ ಯಾಕೆ ಸಾಲಲಿಲ್ಲ ಅಂತ ಕೇಳಲೇಬೇಕು. ಹೊಸದು ಕೂರಿಸುವಾಗ ಆಯಿಲ್ ಫೀಡ್ ಪೈಪನ್ನೂ ಬದಲಿಸಿ, ಇಂಟರ್‌ಕೂಲರ್ ಬಿಚ್ಚಿ ತೊಳೆಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿಸಿ. ಹಳೆಯ ಪೈಪನ್ನೇ ಉಳಿಸಿದರೆ ಹೊಸ ಟರ್ಬೊ ಕೂಡ ಅದೇ ರೀತಿ ಹೋಗುತ್ತದೆ.