ಮೆಕ್ಕೆಜೋಳಕ್ಕೆ ಯೂರಿಯಾ ಬದಲು ಕಾಂಪೋಸ್ಟ್: ದಂಟು ಸುಡೋ ಮುಂಚೆ ಇದನ್ನ ಓದಿ

ತೆನೆ ಮುರಿದಾದ್ಮೇಲೆ ದಂಟಿಗೆ ಬೆಂಕಿ ಇಡೋದು, ಆಮೇಲೆ ಮುಂಗಾರು ಬಂತು ಅಂದ್ರೆ ಯೂರಿಯಾಕ್ಕೆ ಕ್ಯೂ ನಿಲ್ಲೋದು, ನಮ್ಮ ದಾವಣಗೆರೆ, ಹಾವೇರಿ ಕಡೆ ಇದು ಮಾಮೂಲು. ಸುಟ್ಟು ಹಾಳು ಮಾಡಿದ್ದೇ ಗೊಬ್ಬರ ಆಗ್ತಿತ್ತು ಅಂತ ಯಾರಿಗೂ ಅನಿಸಲ್ಲ. ಆ ದಂಟನ್ನ ಕೊಳೆಸಿ ಕಾಂಪೋಸ್ಟ್ ಮಾಡೋದು ಹಿಂಗೆ.

ಮೊದಲು ಗುಂಡಿ. 3 ಅಡಿ ಆಳ, 6 ಅಡಿ ಅಗಲ, ಉದ್ದ ನಿಮ್ಮ ಜಾಗ ನೋಡ್ಕೊಂಡು, ನೆರಳಿದ್ರೆ ಒಳ್ಳೇದು. ದಂಟನ್ನ ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಇಡೀ ದಂಟು ಹಾಕಿದ್ರೆ ವರ್ಷ ಆದ್ರೂ ಹಂಗೇ ಇರುತ್ತೆ. ಒಂದು ಪದರ ದಂಟು, ಅದರ ಮೇಲೆ ಸಗಣಿ ಬಗ್ಗಡ, ಗ್ಲಿರಿಸಿಡಿಯಾನೋ ಹೊಂಗೆನೋ ಹಸಿ ಸೊಪ್ಪು, ತೆಳ್ಳಗೆ ಮಣ್ಣು, ಹಿಂಗೇ ತುಂಬ್ತಾ ಹೋಗಿ. ಕೈಯಲ್ಲಿ ಹಿಂಡಿದ್ರೆ ಅಂಗೈ ಒದ್ದೆ ಆಗ್ಬೇಕು, ನೀರು ತೊಟ್ಟಿಕ್ಕಬಾರ್ದು. ನಾಲ್ಕೈದು ದಿನಕ್ಕೆ ಒಳಗೆ ಕಾವು ಏರುತ್ತೆ, ಕಬ್ಬಿಣದ ಸರಳು ಚುಚ್ಚಿ ತೆಗೆದು ಮುಟ್ಟಿ ನೋಡಿ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಕಳೆ ಬೀಜ ಸಾಯ್ತಿವೆ ಅಂತ. ಮೂರು ವಾರಕ್ಕೊಮ್ಮೆ ಮಗುಚಿ. ಮೂರ್ನಾಲ್ಕು ತಿಂಗಳಿಗೆ ಕಪ್ಪಗಾಗಿ, ಕಾವು ಇಳಿದು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ.

ಅರೆಕೊಳೆತದ್ದನ್ನ ಮಾತ್ರ ಹೊಲಕ್ಕೆ ಒಯ್ಯಬೇಡಿ. ಅದನ್ನ ಕೊಳೆಸೋ ಜೀವಾಣುಗಳು ಮಣ್ಣಲ್ಲಿರೋ ಸಾರಜನಕನೂ (ಯೂರಿಯಾದಿಂದ ಬೆಳೆಗೆ ಸಿಗೋ ಸತ್ವ ಇದೇ) ಎಳ್ಕೊಂಡುಬಿಡ್ತವೆ, ಪೈರು ಹಳದಿ ಆಗುತ್ತೆ, ಆಮೇಲೆ ಕಾಂಪೋಸ್ಟಿಗೆ ಬೈಯೋದು.

ಈಗ ಲೆಕ್ಕ, ಇಲ್ಲೇ ಎಲ್ಲರೂ ಎಡವೋದು. ಮಳೆ ನಂಬಿದ ಮೆಕ್ಕೆಜೋಳಕ್ಕೆ ಎಕರೆಗೆ ಸುಮಾರು 40 ಕೆಜಿ ಸಾರಜನಕ ಬೇಕು, ಅಂದ್ರೆ 45 ಕೆಜಿಯ ಎರಡು ಚೀಲ ಯೂರಿಯಾ. ಇಂಥ ಕಾಂಪೋಸ್ಟಲ್ಲಿ, ಕೊಟ್ಟಿಗೆ ಗೊಬ್ಬರದ ಹಂಗೇ, ಟನ್ನಿಗೆ 5 ಕೆಜಿ ಆಸುಪಾಸು ಸಾರಜನಕ ಇರುತ್ತೆ, ಅದರಲ್ಲೂ ಮೊದಲ ಬೆಳೆಗೆ ಸಿಗೋದು ಮೂರರಲ್ಲೊಂದು ಪಾಲು ಅಷ್ಟೇ, ಮಿಕ್ಕಿದ್ದು ಮುಂದಿನ ವರ್ಷಗಳಿಗೆ. ಹಂಗಾಗಿ ಒಂದೇ ಸಲಕ್ಕೆ ಯೂರಿಯಾ ನಿಲ್ಲಿಸ್ತೀನಿ ಅನ್ನೋರಿಗೆ ಇಳುವರಿ ಬೀಳುತ್ತೆ, ಇದರಲ್ಲಿ ಮುಚ್ಚುಮರೆ ಏನಿಲ್ಲ. ಮೊದಲ ವರ್ಷ ಎಕರೆಗೆ 4 ಟನ್ ಕಾಂಪೋಸ್ಟ್ ಹಾಕಿ, ಯೂರಿಯಾ ಸ್ವಲ್ಪ ಕಮ್ಮಿ ಮಾಡಿ, ಬೆಳೆ ನೋಡ್ಕೊಂಡು ವರ್ಷ ವರ್ಷ ಇಳಿಸ್ತಾ ಹೋಗಿ. ನಡುವೆ ತೊಗರಿ, ಅಲಸಂದೆ ಸಾಲು ಹಾಕಿದ್ರೆ ಇನ್ನೂ ಅನುಕೂಲ.

ಹಾಕೋದು ಬಿತ್ತನೆಗೆ ಎರಡು ಮೂರು ವಾರ ಮುಂಚೆ. ಟ್ರ್ಯಾಕ್ಟರಲ್ಲಿ ತಂದು ಗುಪ್ಪೆ ಗುಪ್ಪೆ ಸುರಿದು ತಿಂಗಳುಗಟ್ಟಲೆ ಬಿಸಿಲಿಗೆ ಬಿಡ್ತಾರಲ್ಲ, ಅರ್ಧ ಸತ್ವ ಅಲ್ಲೇ ಹೋಯ್ತು. ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ.

ಸ್ವಲ್ಪ ಪುಡಿ ಗೊಬ್ಬರ ಎತ್ತಿಟ್ಕೊಳ್ಳಿ, ಪೈರು ಮೊಣಕಾಲೆತ್ತರ ಬಂದಾಗ ಸಾಲಿನ ಬುಡಕ್ಕೆ ಹಾಕಿ ಎಡೆ ಹೊಡೆದು ಮಣ್ಣೇರಿಸಿ. ಆಗ ಕೆಳಗಿನ ಎಲೆಗಳನ್ನ ನೋಡಿ: ತುದಿಯಿಂದ ನಡುನರದ ಗುಂಟ ಹಳದಿ ಒಳಗೆ ಬರ್ತಿದ್ರೆ ಸಾರಜನಕ ಸಾಲ್ತಿಲ್ಲ ಅಂತ, ಹಠ ಹಿಡೀದೆ ಆ ವರ್ಷಕ್ಕೆ ಒಂದಿಷ್ಟು ಯೂರಿಯಾ ಕೊಟ್ಬಿಡಿ.